ನಂಬಿಕೆಯ ವಿಷಯ ಬಂದರೆ ಸಾಕು, ಬಾಯಿ ಕಟ್ಟುತ್ತದೆ. ನಿಮಗೂ ಹೀಗೆ ಆಗುತ್ತಾ?

ಬೆಟಗೇರಿ ಹುಡುಗ

ಎಲ್ಲರಿಗೂ ವಂದನೆಗಳು. ಇಲ್ಲಿ ತುಂಬಾ ದಿನದಿಂದ ಸುಮ್ನೆ ಓದುತ್ತಿದ್ದೆ, ಇವತ್ತು ಬರೆಯುತ್ತಿದ್ದೇನೆ. ನಮ್ಮದು ಗದಗ-ಬೆಟಗೇರಿ. ಅಜ್ಜನ ಕಾಲದಿಂದಲೂ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವರು. ಸಂಡೇ ಸ್ಕೂಲು, ಯುವಜನ ಕೂಟ, ಕ್ವಾಯರ್ ಎಲ್ಲ ಆಗಿದೆ. ಸಭೆ ತುಂಬಾ ಜನ ಇದ್ದರೂ ಮುಂದೆ ನಿಂತು ಹಾಡುವುದಕ್ಕೆ ನನಗೆ ಒಂಚೂರೂ ಭಯ ಇಲ್ಲ. ಈಗ ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ, ಟೀಮಿನಲ್ಲಿ ನಾನೊಬ್ಬನೇ ಕ್ರೈಸ್ತ.

ವಿಷಯ ಏನು ಅಂದರೆ, ಸಭೆಯ ಕಾಂಪೌಂಡು ದಾಟಿದ ಮೇಲೆ ಯೇಸುವಿನ ಹೆಸರು ಎತ್ತುವುದಕ್ಕೆ ನನ್ನಿಂದ ಆಗುವುದೇ ಇಲ್ಲ. ಡಿಸೆಂಬರ್ ಬಂತು ಅಂದರೆ "ಕೇಕ್ ಎಲ್ಲಪ್ಪಾ" ಅಂತ ಎಲ್ಲರೂ ಕೇಳುತ್ತಾರೆ. ಕೇಕ್ ಬಗ್ಗೆ ಎಷ್ಟು ಬೇಕಾದರೂ ಮಾತಾಡುತ್ತೇನೆ. ಯಾರಾದರೂ "ಅದ್ಸರಿ, ಈ ಹಬ್ಬ ಯಾಕೆ ಮಾಡ್ತೀರಾ" ಅಂದರೆ "ನಿಮ್ಮ ದೀಪಾವಳಿ ಥರಾನೇ" ಅಂತ ಹೇಳಿ ಮುಗಿಸುತ್ತೇನೆ. ರೂಮ್‌ಮೇಟ್ ಹಾವೇರಿ ಕಡೆಯವನು, ಒಳ್ಳೆಯ ಗೆಳೆಯ. ಅವನ ಅಪ್ಪನಿಗೆ ಲಕ್ವ ಹೊಡೆದಾಗ ಅಡಿಗೆಮನೆಯ ಕಟ್ಟೆ ಮೇಲೆ ಕೂತು, "ನಿಮ್ಮಪ್ಪ ಹೋದಾಗ ನೀನು ಹೆಂಗೋ ತಡ್ಕೊಂಡೆ, ನಿಮ್ಮ ದೇವರು ಏನಾದ್ರೂ ಹೇಳಿದ್ನಾ" ಅಂತ ನೇರವಾಗಿ ಕೇಳಿದ. ನನ್ನ ನಾಲಿಗೆ ಒಣಗಿಹೋಯಿತು. "ದಿನ ಹೋದಂಗೆ ಎಲ್ಲಾ ಸರಿ ಹೋಗುತ್ತೆ ಬಿಡೋ" ಅಂದೆ. ನನಗೆ ದಿನ ಹೋದಂತೆ ಏನೂ ಸರಿ ಹೋಗಿರಲಿಲ್ಲ. ಪ್ರಾರ್ಥನೆ ಮಾಡುತ್ತಾ ಮಾಡುತ್ತಾ ಸರಿ ಹೋಗಿದ್ದು.

ಯಾಕೆ ಭಯ ಅಂತ ನನ್ನನ್ನೇ ಕೇಳಿಕೊಂಡರೆ ಒಂದಲ್ಲ ಹತ್ತು ಕಾರಣ. ಮತಾಂತರಕ್ಕೆ ಬಂದ ಅಂದುಕೊಳ್ಳುತ್ತಾರೆ ಅನ್ನೋದು ದೊಡ್ಡದು, ಈಗಿನ ಕಾಲ ನಿಮಗೇ ಗೊತ್ತಲ್ಲ. ಗೆಳೆತನ ಕೆಡುತ್ತೆ ಅಂತ ಇನ್ನೊಂದು. "ದೇವರಿದ್ದರೆ ನಮ್ಮಪ್ಪನಿಗೇ ಯಾಕೆ ಹೀಗಾಯ್ತು" ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ. ಇದರ ಮೇಲೆ ಹೋದ ತಿಂಗಳು ನಮ್ಮ ಪಾಸ್ಟರ್ ಬೈಬಲಿನ ಮತ್ತಾಯ 10ನೇ ಅಧ್ಯಾಯದ ಮೇಲೆ ಪ್ರಸಂಗ ಮಾಡಿದರು. ಮನುಷ್ಯರ ಮುಂದೆ ನನ್ನನ್ನು ಅಲ್ಲಗಳೆಯುವವನನ್ನು ನಾನೂ ತಂದೆಯ ಮುಂದೆ ಅಲ್ಲಗಳೆಯುತ್ತೇನೆ ಅನ್ನುವ ಮಾತು ಇದೆಯಲ್ಲ, ಅದನ್ನು ಕೇಳಿದಾಗಿನಿಂದ ಸರಿಯಾಗಿ ನಿದ್ದೆ ಇಲ್ಲ.

"ಧೈರ್ಯ ತಂದುಕೋ" ಅಂತ ಮಾತ್ರ ಹೇಳಬೇಡಿ ಪ್ಲೀಸ್. ಅದು ಗೊತ್ತಿದೆ. ಹೇಗೆ ಅಂತ ಹೇಳಿ.

ಕೆಜಿಎಫ್ ಬ್ರದರ್

ಪ್ರೈಸ್ ದ ಲಾರ್ಡ್ ಬ್ರದರ್. ಮನೆಯಲ್ಲಿ ತಮಿಳು, ಕನ್ನಡ ತಪ್ಪಿದ್ದರೆ ಕ್ಷಮಿಸಿ. ನೇರವಾಗಿ ಹೇಳುತ್ತೇನೆ. ಭಯ ದೇವರಿಂದ ಬರುವುದಲ್ಲ, ಸೈತಾನನಿಂದ. 2 ತಿಮೊಥೆ 1:7 ಓದಿ, ದೇವರು ನಮಗೆ ಕೊಟ್ಟಿದ್ದು ಹೇಡಿತನದ ಆತ್ಮ ಅಲ್ಲ. ರೋಮಾ 1:16ರಲ್ಲಿ ಪೌಲನು ಸುವಾರ್ತೆಗೆ ನಾನು ನಾಚಿಕೊಳ್ಳುವುದಿಲ್ಲ ಅನ್ನುತ್ತಾನೆ. ಶನಿವಾರ ಬಸ್ ಸ್ಟ್ಯಾಂಡಿಗೆ ನಮ್ಮ ಜೊತೆ ಬಂದು ಕರಪತ್ರ ಹಂಚಿ. ಮೊದಲನೇ ದಿನ ಕೈ ನಡುಗುತ್ತೆ, ಆಮೇಲೆ ಅಭ್ಯಾಸ ಆಗುತ್ತೆ. ಈಜು ಕಲಿಯಬೇಕು ಅಂದರೆ ನೀರಿಗೆ ಇಳಿಯಲೇಬೇಕು ಅಲ್ವಾ?

ಧಾರವಾಡ ಟೀಚರ್

ತಮ್ಮಾ, ಮೊದಲು ನಿನ್ನ ನಿದ್ದೆಯ ವಿಷಯ ಮಾತಾಡೋಣ.

ಮತ್ತಾಯ 10ರ ಆ ಮಾತನ್ನು ಕೇಳಿಸಿಕೊಂಡ ಹನ್ನೆರಡು ಜನ ಶಿಷ್ಯರಲ್ಲಿ ಪೇತ್ರನೂ ಇದ್ದ. ಅದನ್ನು ಕೇಳಿದವನೇ ಮುಂದೆ ಮಹಾಯಾಜಕನ ಅಂಗಳದಲ್ಲಿ ಬೆಂಕಿ ಕಾಯಿಸುತ್ತಾ ನಿಂತು, ಸೈನಿಕನ ಮುಂದೆಯೂ ಅಲ್ಲ, ಅಧಿಕಾರಿಯ ಮುಂದೆಯೂ ಅಲ್ಲ, ಒಬ್ಬ ಕೆಲಸದ ಹುಡುಗಿಯ ಮುಂದೆ "ಆ ಮನುಷ್ಯ ಯಾರೋ ನನಗೆ ಗೊತ್ತಿಲ್ಲ" ಅಂದ. ಆಮೇಲೆ ಯೇಸು ಅವನನ್ನು ಬಿಟ್ಟುಬಿಟ್ಟನಾ? ಸಮುದ್ರದ ದಡದಲ್ಲಿ ಮೀನು ಸುಟ್ಟು ಊಟಕ್ಕೆ ಕರೆದು, "ನನ್ನ ಮೇಲೆ ಪ್ರೀತಿ ಇದೆಯಾ" ಅಂತ ಮೂರು ಸಲ ಕೇಳಿ ಕೆಲಸ ಒಪ್ಪಿಸಿದ. ನಿಮ್ಮ ಪಾಸ್ಟರ್ ಆ ಭಾಗವನ್ನೂ ಅದೇ ದಿನ ಓದಿದ್ದರೆ ಚೆನ್ನಾಗಿರುತ್ತಿತ್ತು. ನಾನು ಸಂಡೇ ಸ್ಕೂಲಿನಲ್ಲಿ ಕಲಿಸುವಾಗ ಇವೆರಡನ್ನೂ ಬೇರೆ ಬೇರೆ ಭಾನುವಾರಕ್ಕೆ ಬಿಡುತ್ತಲೇ ಇರಲಿಲ್ಲ. ಮಕ್ಕಳು ಮೊದಲನೆಯದನ್ನು ಕೇಳಿ ಹೆದರಿಕೊಂಡು, ಎರಡನೆಯದಕ್ಕೆ ಬರದೇ ಹೋದರೆ?

ಕೆಜಿಎಫ್ ಬ್ರದರ್, ತಿಮೊಥೆಯ ಪತ್ರ ನಿಜ. ಆದರೆ ಅದೇ ಪೌಲ ಕೊರಿಂಥದವರಿಗೆ ಬರೆಯುವಾಗ (ಮೊದಲನೇ ಪತ್ರ, 2ನೇ ಅಧ್ಯಾಯ) ನಾನು ನಿಮ್ಮ ಹತ್ತಿರ ಬಂದಾಗ ಬಲಹೀನನಾಗಿದ್ದೆ, ಭಯಪಡುತ್ತಿದ್ದೆ, ತುಂಬಾ ನಡುಗುತ್ತಿದ್ದೆ ಅಂತ ತಾನೇ ಹೇಳಿಕೊಂಡಿದ್ದಾನೆ. ಆ ಊರಲ್ಲಿ ಇರುವಾಗಲೇ ರಾತ್ರಿ ದರ್ಶನದಲ್ಲಿ ಕರ್ತನು ಅವನಿಗೆ "ಹೆದರಬೇಡ, ಸುಮ್ಮನಿರಬೇಡ, ಮಾತಾಡು" ಅಂದಿದ್ದು ಅಪೊಸ್ತಲರ ಕೃತ್ಯಗಳು 18ರಲ್ಲಿ ಇದೆ. ಹೆದರದವನಿಗೆ ಹೆದರಬೇಡ ಅಂತ ಯಾರಾದರೂ ಹೇಳುತ್ತಾರಾ? ಹಾಗಾಗಿ ಈ ಹುಡುಗನ ಭಯಕ್ಕೆ ಸೈತಾನನ ಹೆಸರು ಇಡುವುದಕ್ಕೆ ನನಗಂತೂ ಮನಸ್ಸಿಲ್ಲ.

ಇನ್ನು "ಹೇಗೆ" ಅಂತ ಕೇಳಿದೆಯಲ್ಲ. ಇ. ಸ್ಟ್ಯಾನ್ಲಿ ಜೋನ್ಸ್ ಹೆಸರು ಕೇಳಿದ್ದೀಯಾ? ಅಮೆರಿಕದ ಮೆಥಡಿಸ್ಟ್ ಮಿಷನರಿ, 1907ರಲ್ಲಿ ನಮ್ಮ ದೇಶಕ್ಕೆ ಬಂದವರು, ಗಾಂಧೀಜಿಗೆ ಸ್ನೇಹಿತರು. ಇಲ್ಲಿಗೆ ಬರುವುದಕ್ಕೆ ಮೊದಲು ತಮ್ಮ ಊರಿನ ಸಭೆಯಲ್ಲಿ ಮೊದಲ ಪ್ರಸಂಗ ಮಾಡುವುದಕ್ಕೆ ನಿಂತರು. ದೇವರ ಪರವಾಗಿ ವಕೀಲನ ಹಾಗೆ ಭರ್ಜರಿ ವಾದ ಮಾಡಬೇಕು ಅಂತ ಎಲ್ಲ ತಯಾರಿ ಮಾಡಿಕೊಂಡಿದ್ದರು. ಶುರುವಿನಲ್ಲೇ ಒಂದು ದೊಡ್ಡ ಪದ ಬಳಸಿದರು. ಕಾಲೇಜು ಹುಡುಗಿಯೊಬ್ಬಳು ಅದನ್ನು ಕೇಳಿ ನಕ್ಕು ತಲೆ ತಗ್ಗಿಸಿದಳು. ಅಷ್ಟೇ, ಇವರ ತಲೆ ಖಾಲಿ. ಪ್ರಸಂಗ ಮರೆತುಹೋಯಿತು ಅಂತ ಹೇಳಿ ಇಳಿದು ಹೋಗುತ್ತಿದ್ದವರಿಗೆ "ನಾನು ನಿನಗೆ ಏನೂ ಮಾಡಿಲ್ವಾ" ಅಂತ ಒಳಗಿನಿಂದ ಯಾರೋ ಕೇಳಿದಂತಾಯಿತು. ಮಾಡಿದ್ದೀಯಲ್ಲ. ಹಾಗಾದರೆ ಅದನ್ನೇ ಹೇಳು. ವಾಪಸ್ ಬಂದು ತಮ್ಮ ಜೀವನದಲ್ಲಿ ಏನಾಯಿತೋ ಅಷ್ಟನ್ನು ಹೇಳಿದರು. ಮುಂದೆ ನಮ್ಮ ದೇಶದಲ್ಲೂ ಎಲ್ಲ ಧರ್ಮದವರನ್ನೂ ಸುತ್ತ ಕೂರಿಸಿ, ವಾದ ಬೇಡ, ನಿಮ್ಮ ನಂಬಿಕೆ ನಿಮ್ಮ ಬದುಕಿನಲ್ಲಿ ಏನು ಮಾಡಿದೆ ಅಂತ ಒಬ್ಬೊಬ್ಬರೇ ಹೇಳಿ ಅನ್ನುವ ಪದ್ಧತಿ ಇಟ್ಟುಕೊಂಡರು. ತಾವೂ ತಮ್ಮ ಸರದಿ ಬಂದಾಗ ಮಾತ್ರ ಹೇಳುತ್ತಿದ್ದರು.

ನಿನ್ನ ಗೆಳೆಯ ಕೇಳಿದ್ದು ಏನು? ದೇವರು ಇದ್ದಾನೆ ಅಂತ ಸಾಧಿಸು ಅಂದನಾ? ನಿಮ್ಮಪ್ಪ ಹೋದಾಗ ಹೇಗೆ ತಡೆದುಕೊಂಡೆ ಅಂದ. ಅದಕ್ಕೆ ಉತ್ತರ ನಿನ್ನ ಹತ್ತಿರ ಇದೆ. ಇಲ್ಲೇ ಬರೆದಿದ್ದೀಯಲ್ಲ.

ಶಿವಮೊಗ್ಗದಿಂದ

ನಾನು ಕ್ರೈಸ್ತ ಅಲ್ಲ, ಲಿಂಗಾಯತರ ಮನೆಯವನು. ಗೆಳೆಯರೊಬ್ಬರು ಈ ಪ್ರಶ್ನೆ ಕಳಿಸಿ, "ಕೇಳಿಸಿಕೊಳ್ಳುವವರ ಕಡೆಯಿಂದ ನೀನು ಬರಿ" ಅಂದರು. ಒಪ್ಪಿಗೆ ಇಲ್ಲ ಅಂದರೆ ಅಡ್ಮಿನ್ ತೆಗೆದುಹಾಕಬಹುದು.

ನಮಗೆ ಕಿರಿಕಿರಿ ಆಗೋದು ಯಾವಾಗ ಅಂತ ಮೊದಲು ಹೇಳಿಬಿಡುತ್ತೇನೆ. ಬೈಕಿನ ಸೀಟಿಗೆ ಸಿಕ್ಕಿಸಿ ಹೋದ ಕರಪತ್ರ. "ನೀವು ಪೂಜೆ ಮಾಡೋದು ಕಲ್ಲು" ಅನ್ನುವ ಮಾತು. ಆಸ್ಪತ್ರೆಯಲ್ಲಿ ಪರಿಚಯ ಇಲ್ಲದವರು ಬಂದು ತಲೆ ಮೇಲೆ ಕೈ ಇಡೋದು. ಇನ್ನೊಂದು ಇದೆ, ಅದು ಎಲ್ಲಕ್ಕಿಂತ ಜಾಸ್ತಿ ಬೇಜಾರು ತರಿಸುವುದು: ಆರು ತಿಂಗಳು ಚೆನ್ನಾಗಿ ಮಾತಾಡಿಸಿ, ನಾನು ಆಸಕ್ತಿ ತೋರಿಸಲಿಲ್ಲ ಅಂದ ಮೇಲೆ ಫೋನೇ ಎತ್ತದ ಒಬ್ಬ ಪುಣ್ಯಾತ್ಮ. ಹಾಗಾದರೆ ಆ ಗೆಳೆತನ ಏನಾಗಿತ್ತು?

ಈಗ ಇನ್ನೊಂದು ಕಡೆ. ನನ್ನ ಮಗಳು ಡೆಂಗ್ಯೂ ಬಂದು ಐಸಿಯುನಲ್ಲಿದ್ದಾಗ, ಪ್ಲೇಟ್‌ಲೆಟ್ ಇಳಿಯುತ್ತಲೇ ಇತ್ತು, ಭದ್ರಾವತಿಯ ಸಹೋದ್ಯೋಗಿಯೊಬ್ಬರು ಫ್ಲಾಸ್ಕಿನಲ್ಲಿ ಕಾಫಿ ತಂದಿದ್ದರು. ಹೊರಡುವಾಗ ಚಪ್ಪಲಿ ಹಾಕಿಕೊಳ್ಳುತ್ತಾ, "ನಮ್ಮ ಮನೆಯಲ್ಲಿ ರಾತ್ರಿ ಎಲ್ಲರೂ ಕೂತು ಪ್ರಾರ್ಥನೆ ಮಾಡ್ತೀವಿ. ಪಾಪು ಹೆಸರು ಸೇರಿಸ್ಲಾ? ಬೇಡ ಅಂದ್ರೆ ಬೇಡ" ಅಂದರು. ಆ "ಬೇಡ ಅಂದ್ರೆ ಬೇಡ" ಇತ್ತಲ್ಲ, ಅದಕ್ಕೇ ನಾನು ಸೇರಿಸಿ ಅಂದೆ. ಮಗಳು ಹುಷಾರಾದಳು. ಅವರು ಒಂದು ದಿನವೂ "ನೋಡಿದ್ರಾ ನಮ್ಮ ಪ್ರಾರ್ಥನೆ" ಅಂತ ಲೆಕ್ಕ ಕೇಳಲಿಲ್ಲ. ಆಮೇಲೆ ನಾನೇ ಒಂದು ದಿನ ಊಟದ ಹೊತ್ತಲ್ಲಿ ಅವರ ನಂಬಿಕೆ ಬಗ್ಗೆ ಕೇಳಿದೆ. ಚೆನ್ನಾಗಿ ಹೇಳಿದರು. ನಾನು ಏನೂ ಬದಲಾಗಿಲ್ಲ, ಈಗಲೂ ಅವರು ಗೆಳೆಯರೇ.

ಇನ್ನೊಂದು ಮಾತು ಬೆಟಗೇರಿಯವರೇ. ಈ ಅಂಜಿಕೆ ನಿಮಗೆ ಮಾತ್ರ ಇದೆ ಅಂದುಕೊಳ್ಳಬೇಡಿ. ನಾನು ದಿನಾ ಇಷ್ಟಲಿಂಗ ಪೂಜೆ ಮಾಡುವವನು. ಆಫೀಸ್ ಟ್ರಿಪ್ಪಿಗೆ ಹೋದಾಗ ರೂಮಿನಲ್ಲಿ ಬೇರೆಯವರು ಏಳುವುದಕ್ಕೆ ಮುಂಚೆ ಎದ್ದು ಬಾತ್‌ರೂಮ್ ಪಕ್ಕ ಗೋಡೆ ಕಡೆ ತಿರುಗಿ ಕೂತು ಮುಗಿಸುತ್ತೇನೆ. ಯಾರಾದರೂ ಲಿಂಗ ಇಡುವ ಕರಡಿಗೆ ನೋಡಿ ಇದೇನು ಅಂದರೆ ನನಗೂ ಬಾಯಿ ಒಣಗುತ್ತದೆ. ಹಾಗಾಗಿ ನೀವು ಹೇಳುವಾಗ ಎದುರಿನವರನ್ನೂ ಕೇಳಿ. "ನಿಮ್ಮ ಮನೆಯಲ್ಲಿ ಹೇಗೆ" ಅಂತ ಒಂದು ಮಾತು ಸಾಕು. ಅದನ್ನು ಕೇಳದೇ ಬರೀ ನೀವೇ ಹೇಳುತ್ತಾ ಹೋದರೆ ಮಾರ್ಕೆಟಿಂಗ್ ಅನ್ನಿಸುತ್ತದೆ.

ಕುಡ್ಲದ ನರ್ಸ್

ಶಿವಮೊಗ್ಗದ ಅಣ್ಣ ಬರೆದದ್ದು ಓದಿ ಖುಷಿಯಾಯಿತು. ಅಡ್ಮಿನ್, ದಯವಿಟ್ಟು ತೆಗೆಯಬೇಡಿ.

ನಾನು ಮಂಗಳೂರಿನ ಕಥೋಲಿಕಳು. ನಿಜ ಹೇಳಬೇಕೆಂದರೆ ನಮ್ಮಲ್ಲಿ ಸಾಕ್ಷಿ ಹೇಳುವ, ಅಂದರೆ ದೇವರು ತನಗೆ ಏನು ಮಾಡಿದ ಅಂತ ಇನ್ನೊಬ್ಬರಿಗೆ ಹೇಳುವ ಅಭ್ಯಾಸ ಪ್ರೊಟೆಸ್ಟೆಂಟರಷ್ಟು ಇಲ್ಲ. ಕ್ರಿಸ್‌ಮಸ್‌ಗೆ ಕುಸ್ವಾರ್ (ಹಬ್ಬದ ತಿಂಡಿಗಳ) ತಟ್ಟೆ ಅಕ್ಕಪಕ್ಕದ ಮನೆಗೆ ಕೊಟ್ಟರೆ ಮುಗಿಯಿತು ಅಂದುಕೊಂಡೇ ಬೆಳೆದವರು. ಆದರೆ ಆ ನೆವರಿ, ಗುಳಿಯೊ ಹಿಡಿದುಕೊಂಡು ಹೋದ ಬಾಗಿಲಲ್ಲಿ ಎಷ್ಟೋ ಮಾತು ಆಗಿದೆ, ಅದನ್ನೂ ಕಮ್ಮಿ ಅನ್ನಬಾರದು.

ತಮ್ಮ, ನಿನ್ನ ಭಯದಲ್ಲಿ ಎರಡು ಥರ ಕಲಸಿಹೋಗಿದೆ. ಒಂದು ನಾಚಿಕೆ: ಏನಂದುಕೊಳ್ಳುತ್ತಾರೋ, ಉತ್ತರ ಗೊತ್ತಿಲ್ಲವಲ್ಲ, ಅನ್ನುವುದು. ಇನ್ನೊಂದು ನಿಜವಾದ ಅಪಾಯದ ಭಯ. 2008ರ ಸೆಪ್ಟೆಂಬರ್‌ನಲ್ಲಿ ನಮ್ಮ ಊರಿನಲ್ಲಿ ಪ್ರಾರ್ಥನಾ ಮಂದಿರಗಳ ಮೇಲೆ ದಾಳಿ ಆದಾಗ ನಾನು ನರ್ಸಿಂಗ್ ಓದುತ್ತಿದ್ದೆ. ಅಮ್ಮ ಫೋನ್ ಮಾಡಿ, ಕೊರಳಿನ ಶಿಲುಬೆ ಒಳಗೆ ಹಾಕಿಕೋ, ಬಸ್ಸಿನಲ್ಲಿ ಜಪಮಾಲೆ ತೆಗೆಯಬೇಡ ಅಂದಿದ್ದರು. ಅದನ್ನು ಹೇಡಿತನ ಅಂತ ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತದೆ. ಹಾವಿನ ಹಾಗೆ ಜಾಣರಾಗಿರಿ ಅಂತ ಯೇಸುವೇ ಹೇಳಿದ್ದಾನೆ, ಅದೂ ಅದೇ ಮತ್ತಾಯ 10ರಲ್ಲಿ. ಅಡಿಗೆಮನೆಯ ಕಟ್ಟೆ ಮೇಲೆ ಕೂತ ಗೆಳೆಯನ ಹತ್ತಿರ ಮಾತಾಡುವುದಕ್ಕೆ ಅಡ್ಡ ಬಂದಿದ್ದು ಮೊದಲನೇ ಥರದ ಭಯ. ಅದಕ್ಕೆ ಮದ್ದು ಇದೆ.

ನನ್ನ ಕೆಲಸದಲ್ಲಿ ಒಂದು ನಿಯಮ ಇಟ್ಟುಕೊಂಡಿದ್ದೇನೆ. ರೋಗಿಯ ಹತ್ತಿರ ನಾನಾಗಿಯೇ ಧರ್ಮದ ಮಾತು ಶುರು ಮಾಡುವುದಿಲ್ಲ. ಆಸ್ಪತ್ರೆಯವರು ಬೇಡ ಅನ್ನುತ್ತಾರೆ ಅಂತ ಅಲ್ಲ. ಡ್ರಿಪ್ ಹಾಕಿಸಿಕೊಂಡು ಮಲಗಿರುವವರಿಗೆ ಎದ್ದು ಹೋಗುವುದಕ್ಕೆ ಆಗುವುದಿಲ್ಲ, ಸೂಜಿ ಹಿಡಿದವಳಿಗೆ ಬೇಡ ಅನ್ನುವುದಕ್ಕೂ ಅವರಿಗೆ ಕಷ್ಟ. ಆದರೆ ಕೇಳಿದರೆ ಬಚ್ಚಿಡುವುದೂ ಇಲ್ಲ. ಬೆಳಿಗ್ಗೆ ಆಪರೇಷನ್ ಇದ್ದ ಪುತ್ತೂರು ಕಡೆಯ ಅಜ್ಜಿಯೊಬ್ಬರು ರಾತ್ರಿ ಬಿಪಿ ನೋಡುವಾಗ ನನ್ನ ಕೈ ಹಿಡಿದುಕೊಂಡು, "ನೀವು ಇಗರ್ಜಿಗೆ ಹೋಗುವವರಲ್ವಾ, ನಿಮಗೆ ಸಾಯುವ ಹೆದರಿಕೆ ಇಲ್ವಾ" ಅಂದರು. ಪಟ್ಟಿ ಬಿಚ್ಚುತ್ತಾ ಹೇಳಿದೆ: ಹೆದರಿಕೆ ಉಂಟು ಅಜ್ಜಿ. ಆದರೆ ಒಬ್ಬಳೇ ಹೋಗುವುದಲ್ಲ ಅಂತ ಧೈರ್ಯ, ಯೇಸು ಆ ದಾರಿಯಲ್ಲಿ ಮೊದಲೇ ಹೋಗಿ ಬಂದಿದ್ದಾರೆ ಅಂತ ನಾವು ನಂಬುವುದು. ಅಷ್ಟೇ. ಅಜ್ಜಿ "ಹೌದಾ" ಅಂದರು. ಆಮೇಲೆ ತಮ್ಮ ಊರಿನ ದೇವಸ್ಥಾನದ ಜಾತ್ರೆಯ ಕಥೆ ಹೇಳಿದರು, ನಾನೂ ಕೂತು ಕೇಳಿದೆ.

ಹೀಗೆ ಚಿಕ್ಕದಾಗಿ ಹೇಳುವುದು ಆ ಹೊತ್ತಿಗೆ ತಾನಾಗಿ ಬರುವುದಿಲ್ಲ. ಒಮ್ಮೆ ಮನೆಯಲ್ಲಿ ಕೂತು ಹಾಳೆಯ ಮೇಲೆ ಬರೆ. ಅಪ್ಪ ಹೋದಾಗ ನಿನಗೆ ಏನಾಯಿತು, ಯಾವ ಹೊತ್ತು ತುಂಬಾ ಕಷ್ಟ ಇತ್ತು, ಪ್ರಾರ್ಥನೆಯಲ್ಲಿ ಏನು ಸಿಕ್ಕಿತು. ಸಭೆಯಲ್ಲಿ ಮಾತ್ರ ಓಡುವ ಮಾತುಗಳನ್ನೆಲ್ಲ ಹೊಡೆದುಹಾಕು. ಆಮೇಲೆ ತಂಗಿಗೋ ಅಮ್ಮನಿಗೋ ಜೋರಾಗಿ ಹೇಳಿ ನೋಡು. ಅಪ್ಪನ ವಿಷಯ ಆದ್ದರಿಂದ ಅಳು ಬರಬಹುದು, ಬರಲಿ. ಗೆಳೆಯನ ಮುಂದೆ ಮೊದಲ ಸಲ ಅಳುವುದಕ್ಕಿಂತ ಇದು ವಾಸಿ.

ಬೆಟಗೇರಿ ಹುಡುಗ

ಟೀಚರ್, ಅಕ್ಕ, ಅಣ್ಣ, ಬ್ರದರ್, ಎಲ್ಲರಿಗೂ ಥ್ಯಾಂಕ್ಸ್. ಪೇತ್ರನೂ ಆ ಮಾತು ಕೇಳಿಸಿಕೊಂಡವನೇ ಅನ್ನೋದು ನನ್ನ ತಲೆಗೆ ಬಂದಿರಲೇ ಇಲ್ಲ.

ಒಂದು ಅನುಮಾನ ಉಳಿದಿದೆ. ರೂಮ್‌ಮೇಟ್ ಗೆಳೆಯ, ಅವನ ಹತ್ತಿರ ಸರಿ. ಆಫೀಸಿನಲ್ಲಿ? ಮತಾಂತರ ಕಾನೂನು ಬಂದಿದೆ, ಸುಮ್ನೆ ಬಾಯಿ ಬಿಟ್ಟರೂ ಒಳಗೆ ಹಾಕುತ್ತಾರೆ ಅಂತ ವಾಟ್ಸಾಪಿನಲ್ಲಿ ಬರುತ್ತಿರುತ್ತದೆ. ನಿಜಾನಾ? ಯಾರಿಗಾದರೂ ಸರಿಯಾಗಿ ಗೊತ್ತಾ?

ವಕೀಲರು, ಮೈಸೂರು

ಬಾಯಿ ಬಿಟ್ಟರೆ ಒಳಗೆ ಹಾಕುತ್ತಾರೆ ಅನ್ನುವುದು ಸುಳ್ಳು. ಏನೂ ಆಗುವುದಿಲ್ಲ ಬಿಡಿ ಅನ್ನುವುದೂ ಪೂರ್ತಿ ನಿಜವಲ್ಲ.

ಸಂವಿಧಾನದ 25ನೇ ವಿಧಿ ತನ್ನ ಧರ್ಮವನ್ನು ನಂಬುವ, ಆಚರಿಸುವ, ಪ್ರಚಾರ ಮಾಡುವ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ. ಸಾರ್ವಜನಿಕ ಶಾಂತಿ, ನೈತಿಕತೆ, ಆರೋಗ್ಯಕ್ಕೆ ಧಕ್ಕೆ ಬರಬಾರದು ಅಷ್ಟೇ. "ಪ್ರಚಾರ" ಅನ್ನುವುದು ಅಲ್ಲಿ ಇರಬೇಕಾ ಬೇಡವಾ ಅಂತ 1948ರ ಡಿಸೆಂಬರ್‌ನಲ್ಲಿ ಸಂವಿಧಾನ ಸಭೆಯಲ್ಲಿ ಜೋರು ಚರ್ಚೆಯೇ ಆಗಿತ್ತು. ಬೇಡ ಅಂದವರಿದ್ದರು. ಕೆ. ಎಂ. ಮುನ್ಷಿ, ಟಿ. ಟಿ. ಕೃಷ್ಣಮಾಚಾರಿ ಅಂಥವರು ಇರಲಿ ಅಂದರು, ಉಳಿಯಿತು. ಮುಂದೆ 1977ರಲ್ಲಿ ಸ್ಟ್ಯಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ಗೆರೆ ಎಳೆಯಿತು. ನಿಮ್ಮ ಧರ್ಮದ ವಿಚಾರವನ್ನು ಇನ್ನೊಬ್ಬರಿಗೆ ತಿಳಿಸುವ ಹಕ್ಕು ಇದೆ, ಇನ್ನೊಬ್ಬರನ್ನು ಮತಾಂತರ ಮಾಡುವ ಹಕ್ಕು ಅದರಲ್ಲಿ ಸೇರಿಲ್ಲ ಅಂತ. ಈ ತೀರ್ಪನ್ನು ಒಪ್ಪದವರು ಇದ್ದಾರೆ, ನನಗೂ ತಕರಾರಿದೆ, ಅದು ಬೇರೆ ದಿನಕ್ಕೆ.

ಕರ್ನಾಟಕದ ಕಾನೂನು 2022ರದ್ದು. ಬಲವಂತ, ಮೋಸ, ಅನುಚಿತ ಪ್ರಭಾವ, ಆಮಿಷ, ಮದುವೆಯ ಭರವಸೆ, ಇವುಗಳಿಂದ ಮತಾಂತರ ಮಾಡುವುದು, ಮಾಡಲು ಯತ್ನಿಸುವುದು ಅಪರಾಧ. 3ರಿಂದ 5 ವರ್ಷ ಜೈಲು, 25,000 ರೂಪಾಯಿ ದಂಡ. ಎದುರಿನವರು ಮಹಿಳೆ, ಅಪ್ರಾಪ್ತರು, ಪರಿಶಿಷ್ಟ ಜಾತಿ ಅಥವಾ ಪಂಗಡದವರಾದರೆ ಜೈಲು 10 ವರ್ಷದವರೆಗೆ. ನಿಮಗೆ ಸಂಬಂಧಪಟ್ಟ ಎರಡು ವಿಷಯ ಹೇಳುತ್ತೇನೆ, ಗಮನ ಕೊಡಿ. ಮೊದಲನೆಯದು, ಸಂಬಂಧಿಕರಷ್ಟೇ ಅಲ್ಲ, ಸಹೋದ್ಯೋಗಿಯೂ ದೂರು ಕೊಡಬಹುದು ಅಂತ ಅದರಲ್ಲಿ ಇದೆ. ಎರಡನೆಯದು, ಆಮಿಷ ಅಂದರೆ ದುಡ್ಡು, ಉಡುಗೊರೆ, ಕೆಲಸ ಮಾತ್ರ ಅಲ್ಲ, ಒಂದು ಧರ್ಮವನ್ನು ಕೀಳಾಗಿ ತೋರಿಸುವುದು, ಇನ್ನೊಂದಕ್ಕೆ ಎದುರಾಗಿ ತನ್ನದನ್ನು ಹೊಗಳುವುದೂ ಅದರಲ್ಲಿ ಸೇರಿದೆ. ಈ ಕಾನೂನನ್ನು ರದ್ದು ಮಾಡುವುದಾಗಿ ರಾಜ್ಯ ಸಂಪುಟ 2023ರ ಜೂನ್‌ನಲ್ಲಿ ತೀರ್ಮಾನಿಸಿತು. ಸಂಪುಟ ತೀರ್ಮಾನಿಸುವುದು ಬೇರೆ, ವಿಧಾನಮಂಡಲದಲ್ಲಿ ರದ್ದಾಗುವುದು ಬೇರೆ. ಹಾಗಾಗಿ ನಿಮಗೆ ಕೇಸಿನ ಭಯ ಇದ್ದರೆ ಇವತ್ತಿನ ಸ್ಥಿತಿ ಏನು ಅಂತ ನಿಮ್ಮ ಊರಿನ ವಕೀಲರನ್ನೇ ಕೇಳಿ, ವಾಟ್ಸಾಪನ್ನು ಅಲ್ಲ.

ಆಫೀಸಿನ ವಿಷಯಕ್ಕೆ ಬಂದರೆ ನನ್ನ ಸಲಹೆ ಸುಲಭ. ನಿಮ್ಮ ಕೈಕೆಳಗೆ ಕೆಲಸ ಮಾಡುವವರ ಹತ್ತಿರ ನೀವಾಗಿ ಶುರು ಮಾಡಬೇಡಿ. ನರ್ಸ್ ಅಕ್ಕ ಹೇಳಿದ ಕಾರಣಕ್ಕೇ: ಅಪ್ರೈಸಲ್ ಬರೆಯುವವನಿಗೆ ಯಾರು ಬೇಡ ಅನ್ನುತ್ತಾರೆ? ಕಂಪನಿಯ ಮೇಲ್, ಕಂಪನಿಯ ಗ್ರೂಪ್ ಬಳಸಬೇಡಿ. ಬೇರೆ ದೇವರ ಹೆಸರು ಎತ್ತಿ ಹೋಲಿಕೆ ಮಾಡಬೇಡಿ. ಸಮಾನರು ಊಟದ ಹೊತ್ತಿಗೆ ಕೇಳಿದ್ದಕ್ಕೆ ನಿಮ್ಮ ಅನುಭವ ಹೇಳಿದರೆ, ನನಗೆ ತಿಳಿದ ಮಟ್ಟಿಗೆ, ಅದರಲ್ಲಿ ಹೆದರುವಂಥದ್ದು ಇಲ್ಲ.

ಟೀಚರ್ ಹೇಳಿದ ಜೋನ್ಸ್ ಕಥೆಗೆ ನಮ್ಮ ಕೋರ್ಟಿನಿಂದ ಒಂದು ಸಣ್ಣ ಸೇರ್ಪಡೆ. ಕಟಕಟೆ ಹತ್ತುವ ಮುಂಚೆ ಸಾಕ್ಷಿಗಳು ನನ್ನ ಹತ್ತಿರ ಬಂದು ಗಡಗಡ ನಡುಗುತ್ತಾರೆ, "ಸಾರ್, ಅವರು ಹಂಗೆ ಕೇಳಿದ್ರೆ ಏನ್ ಹೇಳ್ಲಿ, ಹಿಂಗೆ ಕೇಳಿದ್ರೆ" ಅಂತ. ನಾನು ಹೇಳುವುದು ಒಂದೇ. ಕಂಡಿದ್ದು ಹೇಳಿ, ಕಾಣದ್ದಕ್ಕೆ ಗೊತ್ತಿಲ್ಲ ಅನ್ನಿ. ಕೇಸ್ ಗೆಲ್ಲಿಸುವುದು ನಿಮ್ಮ ಕೆಲಸ ಅಲ್ಲ. ನಡುಗುವವರೆಲ್ಲ ಸಾಮಾನ್ಯವಾಗಿ ಗೆಲ್ಲಿಸಬೇಕು ಅಂತ ಹೊರಟವರೇ. ಯೋಹಾನ 9ರಲ್ಲಿ ಕಣ್ಣು ಬಂದವನನ್ನು ಫರಿಸಾಯರು ಎಷ್ಟು ಪಾಟೀಸವಾಲು ಮಾಡಿದರೂ ಅವನು ಹೇಳಿದ್ದು ಅದನ್ನೇ ಅಲ್ವಾ: ಆ ಮನುಷ್ಯ ಎಂಥವನೋ ಗೊತ್ತಿಲ್ಲ, ನಾನು ಕುರುಡನಾಗಿದ್ದೆ, ಈಗ ಕಾಣುತ್ತಿದೆ. "ನಮ್ಮಪ್ಪನಿಗೇ ಯಾಕೆ ಹೀಗಾಯ್ತು" ಅಂದರೆ ಗೊತ್ತಿಲ್ಲ ಅನ್ನಿ. ಅದು ನಿಜವಾದ ಉತ್ತರ.

ಕೆಜಿಎಫ್ ಬ್ರದರ್

ಎಲ್ಲರೂ ಚೆನ್ನಾಗಿ ಬರೆದಿದ್ದೀರಿ. ಆದರೆ ನನಗೆ ಒಂದು ವಿಷಯ ಒಪ್ಪಿಗೆ ಆಗುತ್ತಿಲ್ಲ. ಕೇಳಿದಾಗ ಹೇಳು, ಕೇಳಿದಾಗ ಹೇಳು ಅಂತ ಎಲ್ಲರೂ ಅಂತೀರಿ. ಯಾರೂ ಕೇಳಲೇ ಇಲ್ಲ ಅಂದರೆ?

2001ರಲ್ಲಿ ಗಣಿ ಮುಚ್ಚಿದಾಗ ನಮ್ಮ ಅಪ್ಪನ ಕೆಲಸ ಹೋಯಿತು. ಕುಡಿತ ಜಾಸ್ತಿಯಾಯಿತು. ಕ್ವಾರ್ಟರ್ಸಿನಲ್ಲಿ ನಮ್ಮ ಮನೆಗೆ ಯಾರೂ ಬರುತ್ತಿರಲಿಲ್ಲ. ಅಪ್ಪ ಯಾರನ್ನೂ ದೇವರ ಬಗ್ಗೆ ಕೇಳಲಿಲ್ಲ, ಕೇಳುವ ಸ್ಥಿತಿಯಲ್ಲೂ ಇರಲಿಲ್ಲ. ಸೈಕಲ್ಲಿನಲ್ಲಿ ಬರುತ್ತಿದ್ದ ಒಬ್ಬ ಅಂಕಲ್, ಅವರೂ ಗಣಿಯಲ್ಲಿ ಕೆಲಸ ಕಳೆದುಕೊಂಡವರೇ, ತಾವಾಗಿ ಬಂದು ಮಾತಾಡಿಸಿದರು. ಅವರು ಅಂಜಿಕೊಂಡು ಮನೆಯಲ್ಲಿ ಕೂತಿದ್ದರೆ ನಾನು ಇವತ್ತು ಎಲ್ಲಿರುತ್ತಿದ್ದೆನೋ. ಅದಕ್ಕೇ ನಾನು ಬಸ್ ಸ್ಟ್ಯಾಂಡಿಗೆ ಹೋಗುತ್ತೇನೆ.

ಶಿವಮೊಗ್ಗದಿಂದ

ಬ್ರದರ್, ಬೇಜಾರು ಮಾಡಿಕೊಳ್ಳಬೇಡಿ, ಆ ಅಂಕಲ್ ಬಗ್ಗೆ ಗೌರವ ಇಟ್ಟುಕೊಂಡೇ ಕೇಳುತ್ತೇನೆ. ಅವರು ಮೊದಲ ದಿನ ಏನು ಮಾಡಿದರು?

ಕೆಜಿಎಫ್ ಬ್ರದರ್

ಮೊದಲ ದಿನ ಕರಪತ್ರ ಕೊಟ್ಟರು. ಅಪ್ಪ ಅದನ್ನು ಹರಿದು ಬೀಡಿ ಹಚ್ಚಿದರು. 🙂 ಆಮೇಲೆ ಅವರು ಕರಪತ್ರ ತರಲಿಲ್ಲ. ಸುಮ್ನೆ ಬಂದು ಜಗುಲಿ ಮೇಲೆ ಕೂರುತ್ತಿದ್ದರು, ಗಣಿಯ ವಿಷಯ, ಬಾಕಿ ಹಣದ ವಿಷಯ ಮಾತಾಡುತ್ತಿದ್ದರು. ಎರಡು ಮೂರು ವರ್ಷ ಹೀಗೇ. ಅಪ್ಪ ಕುಡಿದು ಬೈದ ದಿನವೂ ಮಾರನೇ ವಾರ ಸೈಕಲ್ ಬಂದೇ ಬರುತ್ತಿತ್ತು.

ಗೊತ್ತು ಗೊತ್ತು, ನೀವು ಏನು ಹೇಳುತ್ತೀರಿ ಅಂತ ಗೊತ್ತು. ಆದರೂ ಮೊದಲ ದಿನ ಬಂದಿದ್ದು ಅವರೇ ತಾನೆ?

ಧಾರವಾಡ ಟೀಚರ್

ಬ್ರದರ್, ಇದಕ್ಕೆ ನನ್ನ ಹತ್ತಿರ ಮರುಮಾತಿಲ್ಲ, ನೀವು ಹೇಳುವುದರಲ್ಲಿ ಸತ್ಯ ಇದೆ. ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕವರ ಮನೆಗೆ ಮಾರನೇ ವಾರ ಹೋಗುವುದಕ್ಕೆ ಆಗುತ್ತದಾ ಅನ್ನುವುದೊಂದೇ ನನ್ನ ಅನುಮಾನ.

ಇನ್ನೊಂದು ಮಾತು ಸೇರಿಸಬೇಕು, ಯಾಕೆಂದರೆ ನಾವೆಲ್ಲ ನಮ್ಮ ಭಯದ ಬಗ್ಗೆಯೇ ಮಾತಾಡುತ್ತಿದ್ದೇವೆ. ಕೇಳಿಸಿಕೊಳ್ಳುವವರ ಭಯ ನಮಗಿಂತ ದೊಡ್ಡದು. 1844ರಲ್ಲಿ ಮಂಗಳೂರಿನಲ್ಲಿ ಆನಂದರಾವ್ ಕೌಂಡಿನ್ಯ ಅನ್ನುವ ಸಾರಸ್ವತ ಬ್ರಾಹ್ಮಣ ಹುಡುಗ ಬಾಸೆಲ್ ಮಿಷನ್ನಿನವರಿಂದ ದೀಕ್ಷಾಸ್ನಾನ ತೆಗೆದುಕೊಂಡು ಕ್ರೈಸ್ತನಾದಾಗ ಊರಿಗೆ ಊರೇ ಎದ್ದಿತ್ತು. ಮುಂದೆ ಅವರೇ ಪಾದ್ರಿಯಾದರು ಅಂತ ನಾವು ಹೆಮ್ಮೆಯಿಂದ ಹೇಳುತ್ತೇವೆ. ಆದರೆ ಮನೆ, ಬಂಧು ಬಳಗ ಕಳೆದುಕೊಂಡಿದ್ದು ಹೇಳಿಕೊಟ್ಟ ಮಿಷನರಿ ಅಲ್ಲ, ಕೇಳಿಸಿಕೊಂಡ ಆ ಹುಡುಗ. ನಾವು ಒಂದು ಮಾತು ಆಡುವುದಕ್ಕೆ ಇಷ್ಟು ನಡುಗುತ್ತೇವೆ. ಎದುರಿನವರು ಅದನ್ನು ಮನಸ್ಸಿಗೆ ತೆಗೆದುಕೊಂಡರೆ ಅವರಿಗೆ ಏನೇನು ಹೋಗಬಹುದು ಅಂತ ಯೋಚಿಸಿದರೆ, ಅವಸರ ಮಾಡುವುದಕ್ಕೆ ಮನಸ್ಸು ಬರುವುದಿಲ್ಲ.

ಮತ್ತೆ, ತಮ್ಮಾ, ಒಬ್ಬನೇ ಇರಬೇಡ. ಕೃತ್ಯಗಳು 4ರಲ್ಲಿ ಪೇತ್ರ ಯೋಹಾನರು ಸೆರೆಯಿಂದ ಬಿಡುಗಡೆಯಾಗಿ ಬಂದ ಮೇಲೆ ಎಲ್ಲರೂ ಒಟ್ಟಿಗೆ ಕೂತು ಮಾತಾಡುವುದಕ್ಕೆ ಧೈರ್ಯ ಕೊಡು ಅಂತ ಬೇಡಿಕೊಂಡರು. ಬೆಂಗಳೂರಲ್ಲಿ ನಿನಗೆ ಅಂಥ ಒಂದಿಬ್ಬರು ಸಿಕ್ಕರೆ ಸಾಕು.

ಹಾಸನ ಸಿಸ್ಟರ್

ವಕೀಲ ಸರ್, ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮ ಮನೆಯಲ್ಲಿ ಗುರುವಾರ ಸಂಜೆ ಪ್ರಾರ್ಥನಾ ಕೂಟ ಇರುತ್ತೆ, ಏಳೆಂಟು ಜನ. ಪಕ್ಕದ ಬೀದಿಯ ಇಬ್ಬರು ಹೆಂಗಸರು, ಕ್ರೈಸ್ತರಲ್ಲ, ತಾವಾಗಿಯೇ ಬಂದು ಕೂರುತ್ತಾರೆ. ಹಾಡು ಇಷ್ಟ ಅಂತಾರೆ. ಯಾರಾದರೂ ದೂರು ಕೊಟ್ಟರೆ ಅಂತ ನಮ್ಮ ಯಜಮಾನರು ಹೆದರಿ, ಕೂಟವನ್ನೇ ನಿಲ್ಲಿಸೋಣ ಅನ್ನುತ್ತಿದ್ದಾರೆ. ನಿಲ್ಲಿಸಬೇಕಾ?

ವಕೀಲರು, ಮೈಸೂರು

ನಿಲ್ಲಿಸಬೇಕಾಗಿಲ್ಲ ಸಿಸ್ಟರ್. ಮನೆಯಲ್ಲಿ ಏಳೆಂಟು ಜನ ಕೂತು ಪ್ರಾರ್ಥನೆ ಮಾಡುವುದು ಆ ಕಾನೂನಿನಲ್ಲಿ ಅಪರಾಧ ಅಲ್ಲ, ಇಷ್ಟಪಟ್ಟು ಬಂದವರು ಕೂತು ಕೇಳುವುದೂ ಅಲ್ಲ. ಆದರೆ ಕೆಲವು ಎಚ್ಚರ ಇರಲಿ. ಆ ಇಬ್ಬರು ಬರುವುದು ಅವರ ಮನೆಯವರಿಗೆ ಗೊತ್ತಿರಲಿ, ಕದ್ದು ಬರುತ್ತಿದ್ದಾರೆ ಅನ್ನುವ ಮಾತು ಬರಬಾರದು. ಕಾಫಿ ಕೊಡಿ, ಎಲ್ಲರಿಗೂ ಕೊಟ್ಟ ಹಾಗೆ. ಅವರಿಗೆ ಮಾತ್ರ ಸೀರೆ, ದಿನಸಿ ಅಂತ ಕೊಡಬೇಡಿ, ಎಷ್ಟೇ ಪ್ರೀತಿಯಿಂದ ಆದರೂ. ಮೈಕ್ ಹಾಕಬೇಡಿ, ಧ್ವನಿವರ್ಧಕಕ್ಕೆ ಅನುಮತಿ ಬೇಕು, ರಾತ್ರಿ ಹತ್ತರ ಮೇಲಂತೂ ಇಲ್ಲವೇ ಇಲ್ಲ. ಬಾಡಿಗೆ ಮನೆಯಾದರೆ ಮಾಲೀಕರಿಗೆ ಒಂದು ಮಾತು ಹೇಳಿಡಿ. ಯಾರಾದರೂ ಬಂದು ಗಲಾಟೆ ಮಾಡಿದರೆ ವಾದಕ್ಕೆ ಇಳಿಯದೆ 112ಕ್ಕೆ ಫೋನ್ ಮಾಡಿ, ಆಮೇಲೆ ನಿಮ್ಮ ಊರಿನ ವಕೀಲರಿಗೆ.

ಮತ್ತೆ ಕೂಟದ ಫೋಟೊ ತೆಗೆದು, "ಇಬ್ಬರು ಹೊಸ ಆತ್ಮಗಳು ಬಂದಿದ್ದಾರೆ, ಹಲ್ಲೆಲೂಯಾ" ಅಂತ ಬರೆದು ಸಭೆಯ ಗ್ರೂಪಿಗೆ ಹಾಕುವವರು ನಿಮ್ಮಲ್ಲೂ ಒಬ್ಬರು ಇದ್ದೇ ಇರುತ್ತಾರೆ. ಅವರಿಗೆ ಇವತ್ತೇ ಹೇಳಿಬಿಡಿ.